ಮೊದಲು ಚಿನ್ನ, ಆಮೇಲೆ ಬಣ್ಣ

ಪತ್ರ: “ಹಿಂದಿನ ಸಂಚಿಕೆಯಲ್ಲಿ ರಷ್ಯದ ಪಾದ್ರಿ, ಕಲಾತತ್ವಜ್ಞ ಪಾವೆಲ್ ಫ್ಲೊರೆನ್‌ಸ್ಕಿ ಕುರಿತ ಲೇಖನ ಓದಿದೆ. ನಾನು ಮೈಸೂರು ಶೈಲಿಯ ಚಿತ್ರ ಬರೆಯುವವಳು. ಎರಡು ಸಂಶಯ. ಐಕಾನ್ (ಹಲಗೆಯ ಮೇಲಿನ ಚರ್ಚಿನ ಪೂಜಾಚಿತ್ರ) ಬರೆದವರಿಗೆ ಪರ್‌ಸ್ಪೆಕ್ಟಿವ್ (ದೂರದ್ದು ಚಿಕ್ಕದಾಗಿ ಕಾಣುವಂತೆ ಬರೆಯುವ ನಿಯಮ) ಗೊತ್ತಿರಲಿಲ್ಲ, ಅದನ್ನೇ ಈತ ದೊಡ್ಡ ತತ್ವ ಮಾಡಿಬಿಟ್ಟರೇ? ಎರಡನೆಯದು, ಬಣ್ಣಕ್ಕಿಂತ ಮೊದಲು ಚಿನ್ನ ಹಾಕುತ್ತಾರೆ ಎಂದಿದ್ದೀರಿ. ಚಿನ್ನದ ಮೇಲೆ ಬಣ್ಣ ನಿಲ್ಲುವುದು ಹೇಗೆ?”
– ಓದುಗರೊಬ್ಬರು, ಮೈಸೂರು

ಉತ್ತರ: ಎರಡನೆಯ ಪ್ರಶ್ನೆಯಿಂದ ಶುರು ಮಾಡೋಣ. ಕೈಕೆಲಸ ತಿಳಿಯದೆ ಫ್ಲೊರೆನ್‌ಸ್ಕಿಯ ತತ್ವ ತಿಳಿಯುವುದಿಲ್ಲ. ನಿಮ್ಮ ಅನುಮಾನವೂ ಸರಿಯಾದದ್ದೇ. ನಮ್ಮ ವಾಕ್ಯ ಸಡಿಲವಾಗಿತ್ತು. ಉಜ್ಜಿ ಹೊಳಪು ಕೊಟ್ಟ ಚಿನ್ನದ ಮೇಲೆ ಮೊಟ್ಟೆಯ ಹಳದಿ ಬೆರೆಸಿದ ಬಣ್ಣ ಸುಲಭವಾಗಿ ಕೂರುವುದಿಲ್ಲ, ಚಕ್ಕೆ ಏಳಬಹುದು. ಚಿನ್ನ ಹೋಗುವುದು ಹಿನ್ನೆಲೆಗೆ ಮತ್ತು ಪ್ರಭಾವಳಿಗೆ. ಆಕೃತಿಗಳ ಜಾಗ ಬಿಳಿಯಾಗಿಯೇ ಉಳಿಯುತ್ತದೆ.

ಅದಕ್ಕೂ ಮೊದಲು ಹಲಗೆ. ರಷ್ಯದಲ್ಲಿ ಹೆಚ್ಚಾಗಿ ಲಿಂಡೆನ್ ಮರ. ಹಲಗೆ ಒಣಗುತ್ತಾ ಬಾಗುತ್ತದೆ, ಆದ್ದರಿಂದ ಹಿಂಬದಿಯಲ್ಲಿ ಅಡ್ಡಕ್ಕೆ ತೋಡು ಕೊರೆದು ಗಟ್ಟಿಮರದ ಪಟ್ಟಿ ತೂರಿಸುತ್ತಾರೆ. ಪಟ್ಟಿಗೆ ಅಂಟು ಹಾಕಬಾರದು, ಮೊಳೆ ಹೊಡೆಯಬಾರದು. ಮರ ಹಿಗ್ಗಿ ಕುಗ್ಗುವಾಗ ಪಟ್ಟಿ ಜಾರಬೇಕು. ಬಿಗಿದುಬಿಟ್ಟರೆ ಹಲಗೆಯೇ ಸೀಳುತ್ತದೆ. ಮುಂಬದಿಯಲ್ಲಿ ಅಂಚು ಬಿಟ್ಟು ನಡುವೆ ತಗ್ಗು ಕೆತ್ತಿ, ಗೀರು ಹಾಕಿ, ಬಿಸಿ ಚರ್ಮದಂಟು ಕುಡಿಸಿ, ಅಗಸೆನಾರಿನ ಬಟ್ಟೆ ಅಂಟಿಸುತ್ತಾರೆ. ಅದು ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಮತ್ತು ಅಂಟಿನ ಮಿಶ್ರಣ, ಅವರ ಮಾತಿನಲ್ಲಿ ಲೆವ್ಕಾಸ್. ಒಂದೊಂದು ಪದರವೂ ಒಣಗಿದ ಮೇಲೆ ಇನ್ನೊಂದು, ಹೀಗೆ ಆರೇಳು ಸಲ. ಅಂಟು ಹೆಚ್ಚಾದರೆ ಬಿರುಕು, ಕಡಿಮೆಯಾದರೆ ಪುಡಿ ಉದುರುತ್ತದೆ. ಜೋರಾಗಿ ಕಲಕಿದರೆ ಗಾಳಿಗುಳ್ಳೆ ಸೇರಿ, ಉಜ್ಜುವಾಗ ಸೂಜಿಮೊನೆಯಷ್ಟು ತೂತುಗಳು ಬಾಯಿಬಿಡುತ್ತವೆ; ಅಲ್ಲಿ ಚಿನ್ನದ ರೇಕು ಹರಿಯುತ್ತದೆ.

ನುಣುಪಾದ ಈ ಬಿಳಿಯ ಮೇಲೆ ಚಿತ್ರದ ಗೆರೆಗಳನ್ನು ಸೂಜಿಯಿಂದ ಗೀರುತ್ತಾರೆ. ಇದ್ದಿಲ ಗೆರೆ ಅಳಿಸಿಹೋದರೂ ಗೀರು ಉಳಿಯುತ್ತದೆ, ಚಿನ್ನಕ್ಕೆ ಎಲ್ಲೆಯನ್ನೂ ಕೊಡುತ್ತದೆ. ನಿಮ್ಮ ಶೈಲಿಯಲ್ಲಿ ಒಡವೆ, ಕಿರೀಟ, ಸೆರಗಿನ ಅಂಚು ಗೆಸ್ಸೊ (ಅಂಟು ಬೆರೆಸಿದ ಬಿಳಿ ಲೇಪ) ಕೆಲಸದಿಂದ ಉಬ್ಬಿ ನಿಂತು ರೇಕು ಹೊದೆಯುತ್ತವೆ. ಅಲ್ಲಿ ಚಿನ್ನವೆಂದರೆ ವಸ್ತುವಿನ ಚಿನ್ನವೇ. ಐಕಾನ್‌ನ ಹಿನ್ನೆಲೆಯ ಚಿನ್ನ ಯಾವ ವಸ್ತುವೂ ಅಲ್ಲ, ಬೆಳಕು. ಚಿನ್ನ ಕೂತಾಗ ಹಲಗೆಯಲ್ಲಿ ಕಾಣುವುದು ಬೆಳಕು ಮತ್ತು ಇನ್ನೂ ಹುಟ್ಟದ ಬಿಳಿ ಆಕಾರಗಳು ಮಾತ್ರ. ಆಮೇಲೆ ಬಟ್ಟೆ, ಕಟ್ಟಡ, ಬೆಟ್ಟ. ಮುಖ, ಕೈಕಾಲು ಕಟ್ಟಕಡೆಗೆ. ದೊಡ್ಡ ಕಾರ್ಯಾಗಾರಗಳಲ್ಲಿ ಅದಕ್ಕೆ ಬೇರೆ ಕಲಾವಿದರೇ ಇರುತ್ತಿದ್ದರು. ಮುಖಕ್ಕೆ ಮೊದಲು ಸಾಂಕಿರ್ ಎಂಬ ಹಸಿರುಮಿಶ್ರ ಕಂದು, ಅದರ ಮೇಲೆ ಒಂದಕ್ಕಿಂತ ಒಂದು ತಿಳಿಯಾದ ಕಾವಿಯ ಪದರಗಳು, ಕೊನೆಗೆ ಕೆನ್ನೆ, ಹಣೆ, ಮೂಗಿನ ಮೇಲೆ ಬಿಳಿಯ ಸಣ್ಣ ಗೀಟು. ತೈಲಚಿತ್ರದವರು ನೆರಳು ಹಾಕಿ ಉಬ್ಬು ತೋರಿಸುತ್ತಾರೆ. ಇಲ್ಲಿ ನೆರಳೇ ಇಲ್ಲ, ಕತ್ತಲಿಂದ ಮುಖ ಮೇಲೇಳುತ್ತದೆ. ಈ ಅನುಕ್ರಮವನ್ನು ಫ್ಲೊರೆನ್‌ಸ್ಕಿ ಸೃಷ್ಟಿಯ ಅನುಕ್ರಮವೆಂದೇ ಓದಿದರು: ಮೊದಲು ಬೆಳಕು, ಅದರಿಂದ ಇರವು. ಅವರ ‘ಐಕನೊಸ್ಟಾಸಿಸ್’ ಪುಸ್ತಕದ ತಿರುಳು ಇದು. 1922ರ ಹೊತ್ತಿಗೆ ಬರೆದದ್ದು, ಅಚ್ಚಾಗಿದ್ದು 1972ರಲ್ಲಿ, ಅದೂ ಪೂರ್ತಿಯಾಗಿ ಅಲ್ಲ.

ಇನ್ನು ಪರ್‌ಸ್ಪೆಕ್ಟಿವ್. ಫ್ಲೊರೆನ್‌ಸ್ಕಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದವರು. ಪದವಿ 1904ರಲ್ಲಿ, ಪಾದ್ರಿ ದೀಕ್ಷೆ 1911ರಲ್ಲಿ. ಗೊತ್ತಿರಲಿಲ್ಲ ಎಂಬ ಮಾತಿಗೆ 1919ರಲ್ಲಿ ಅವರು ಕೊಟ್ಟ ಉತ್ತರ ನೇರವಾದದ್ದು. ಗೊತ್ತಿಲ್ಲದವನು ತಪ್ಪನ್ನು ಮರೆಮಾಡುತ್ತಾನೆ. ಐಕಾನ್‌ಕಾರ ಅದನ್ನು ಎತ್ತಿ ತೋರಿಸುತ್ತಾನೆ. ಸುವಾರ್ತೆಯ ಪುಸ್ತಕದ ರಟ್ಟಿನ ಜೊತೆ, ಒಟ್ಟಿಗೆ ಕಾಣಬಾರದ ಬದಿಗಳೂ ಕಾಣುತ್ತವೆ, ಅವಕ್ಕೇ ಕಣ್ಣು ಕುಕ್ಕುವ ಇಂಗಳೀಕದ ಕೆಂಪು. ಈ ‘ತಪ್ಪು’ ಹೆಚ್ಚಾಗಿರುವುದು ದೊಡ್ಡ ಕಲಾವಿದರಲ್ಲೇ. ನಿಯಮಕ್ಕೆ ಹತ್ತಿರವಾದ ಐಕಾನ್‌ಗಳು ಸಪ್ಪೆ.

ಅವರ ಗಣಿತದ ವಾದ ಇನ್ನೂ ಹರಿತ. ಗೆರೆಗಳೆಲ್ಲ ಒಂದೇ ಬಿಂದುವಿಗೆ ಓಡುವ ಚಿತ್ರ ನಿಜವಾಗಬೇಕಾದರೆ ನೋಡುವವನಿಗೆ ಒಂದೇ ಕಣ್ಣಿರಬೇಕು, ಆ ಕಣ್ಣು ಅಲುಗಬಾರದು, ಲೋಕವೂ ಅಲುಗಬಾರದು. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಇದೆ. ಒಂದು ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಕಡ್ಡಿ ಗೀರುವ ಬದಿ ಮೂಗಿಗೆ ಎದುರಾಗುವಂತೆ, ಉದ್ದಕ್ಕೆ ನಿಲ್ಲಿಸಿ, ಒಂದು ಗೇಣು ದೂರ ಹಿಡಿಯಿರಿ. ಎಡಗಣ್ಣಿಗೆ ಎಡಬದಿಯ ಚಿತ್ರ, ಬಲಗಣ್ಣಿಗೆ ಬಲಬದಿಯದು, ಎರಡೂ ಒಟ್ಟಿಗೇ ಕಾಣುತ್ತವೆ. ಐಕಾನ್‌ನ ಪುಸ್ತಕದ್ದೂ ಇದೇ ನೋಟ. ದೊಡ್ಡ ಕಟ್ಟಡಕ್ಕೆ ಎರಡು ಕಣ್ಣು ಸಾಲವು, ಅದಕ್ಕೆ ನಡೆದು ನೋಡಿದ ನೆನಪು ಬೇಕು.

ಹಾಗೆಂದು ಫ್ಲೊರೆನ್‌ಸ್ಕಿ ಹೇಳಿದ್ದೆಲ್ಲ ಒಪ್ಪಬೇಕಿಲ್ಲ. ತೈಲಚಿತ್ರ ಕ್ಯಾಥೊಲಿಕ್ ಮನಸ್ಸಿನದು, ಅಚ್ಚುಕೆತ್ತನೆ ಪ್ರಾಟೆಸ್ಟೆಂಟ್ ಬುದ್ಧಿಯದು ಎಂಬ ಅವರ ವಿಂಗಡಣೆ ತೀರಾ ಕತ್ತರಿಸಿಟ್ಟಂತಿದೆ. ಪ್ರಾಟೆಸ್ಟೆಂಟ್ ಹಾಲೆಂಡಿನ ತೈಲಚಿತ್ರಕಾರ ರೆಂಬ್ರಾಂಟ್ ಒಬ್ಬನೇ ಸಾಕು ಅದನ್ನು ಕೆಡವಲು.

ಜೀವನದ ಬಗ್ಗೆ ಲೇಖನದಲ್ಲಿ ಬಿಟ್ಟುಹೋದದ್ದು ಎರಡು ಮಾತು. 1921ರಿಂದ ಅವರು ಮಾಸ್ಕೋದ ವ್ಖುತೆಮಾಸ್ ಕಲಾಶಾಲೆಯಲ್ಲಿ ಚಿತ್ರದೊಳಗಿನ ಸ್ಥಳಾವಕಾಶದ (ಸ್ಪೇಸ್) ಕುರಿತು ಪಾಠ ಮಾಡಿದರು. ವಿದ್ಯುತ್ ತಂತ್ರಜ್ಞಾನದಲ್ಲೂ ಸೋವಿಯತ್ ಸರ್ಕಾರಕ್ಕೆ ದುಡಿದರು. 1933ರಲ್ಲಿ ಬಂಧನ, 10 ವರ್ಷದ ಶಿಕ್ಷೆ. ಸೊಲೊವ್ಕಿ ಸೆರೆಶಿಬಿರದಲ್ಲಿ ಕಡಲಪಾಚಿಯಿಂದ ಅಯೋಡಿನ್, ಅಗರ್ ಎಂಬ ಲೋಳೆ ತೆಗೆಯುವ ಕೆಲಸ. 1937ರ ಡಿಸೆಂಬರ್ 8ರಂದು ಗುಂಡಿಟ್ಟು ಕೊಂದರು.

ಕೊನೆಗೆ, ನಿಮ್ಮ ಕೆಲಸಕ್ಕೆ ನೇರ ಸಂಬಂಧಿಸಿದ್ದು. ಕ್ರಾಂತಿಯ ನಂತರ ಸೆರ್ಗಿಯೆವ್ ಪೊಸಾದ್‌ನ ಟ್ರಿನಿಟಿ ಮಠದ ಕಲಾಸಂಪತ್ತನ್ನು ಉಳಿಸುವ ಆಯೋಗದಲ್ಲಿ ಫ್ಲೊರೆನ್‌ಸ್ಕಿ ಇದ್ದರು. ರುಬ್ಲ್ಯೋವ್‌ನ (ರಷ್ಯದ ಹೆಸರಾಂತ ಐಕಾನ್‌ಕಾರ) ‘ತ್ರಿತ್ವ’ ಐಕಾನ್ ಇದ್ದದ್ದು ಅಲ್ಲೇ. ಐಕಾನ್‌ಗೆ ಕೊನೆಯಲ್ಲಿ ಸವರುವ ಕಾಯಿಸಿದ ಅಗಸೆ ಎಣ್ಣೆ ನೂರು ವರ್ಷದೊಳಗೇ ಕಪ್ಪಾಗುತ್ತದೆ. ಕಪ್ಪಾದದ್ದರ ಮೇಲೆ ಮತ್ತೆ ಬಣ್ಣ ಹಚ್ಚುತ್ತಾ ಬಂದಿದ್ದರಿಂದ ರುಬ್ಲ್ಯೋವ್‌ನ ನೀಲಿ ಜನಕ್ಕೆ ಕಂಡದ್ದು 1904ರಿಂದ ನಡೆದ ಶುಚಿಕಾರ್ಯದಲ್ಲಿ. ಇಷ್ಟಾದರೂ ಅಂಥ ಐಕಾನನ್ನು ವಸ್ತುಸಂಗ್ರಹಾಲಯದ ಸಮನಾದ ಬೆಳಕಿನಲ್ಲಿ ನೇತುಹಾಕಿದರೆ ಅದು ಸತ್ತಂತೆ ಎಂದು ಅವರು 1918ರಲ್ಲೇ ವಾದಿಸಿದರು. ಕಾರಣ ಭಕ್ತಿಯೊಂದೇ ಅಲ್ಲ. ಸಮತಟ್ಟಾದ ರೇಕು ಸ್ಥಿರವಾದ ಬಿಳಿ ಬೆಳಕಿನಲ್ಲಿ ಒಂದೋ ಕಣ್ಣಿಗೆ ಹೊಡೆಯುತ್ತದೆ, ಇಲ್ಲವೇ ಮಣ್ಣುಬಣ್ಣವಾಗುತ್ತದೆ. ಎಣ್ಣೆದೀಪದ ಕುಡಿ ಅಲುಗಿದಾಗ ಅದೇ ಚಿನ್ನ ಒಂದು ಕ್ಷಣ ಮುಂದೆ ಬರುತ್ತದೆ, ಮರುಕ್ಷಣ ಹಿಂದೆ ಸರಿಯುತ್ತದೆ. ನಿಮ್ಮ ಚಿತ್ರವೊಂದನ್ನು ಗಾಜು ತೆಗೆದು, ಕೆಳಗೆ ಒಂದು ಪಕ್ಕಕ್ಕೆ ಹಣತೆ ಇಟ್ಟು, ಕೋಣೆಯ ದೀಪ ಆರಿಸಿ ನೋಡಿ. ಹಣತೆ ಒಂದು ಮಾರು ದೂರದಲ್ಲಿರಲಿ, ಹೊಗೆ ತಾಗದಂತೆ.