ಬೇಸ್‌ಮೆಂಟ್‌ನಲ್ಲಿ ರೇಡಾನ್ ಎಷ್ಟಿದೆ ಅಂತ ಅಳೆಯುವುದು ಹೇಗೆ?

ನ್ಯೂಜೆರ್ಸಿಯಲ್ಲಿ ಮನೆ ಕೊಳ್ಳುವಾಗ ಎರಡು ದಿನದ ರೇಡಾನ್ ಕಿಟ್ ಸಾಕಾ ಅಂತ ಕೇಳಿದ್ದೀರಿ. ಮೊದಲ ಅಂದಾಜಿಗೆ ಸಾಕು, ಆದರೆ ಇಡುವ ರೀತಿ ಸರಿ ಇರಬೇಕು.

ರೇಡಾನ್ ಅಂದರೆ ವಿಕಿರಣ ಸೂಸುವ ಒಂದು ಅನಿಲ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಣ್ಣಿನಿಂದ ಎದ್ದು ಅಡಿಪಾಯದ ಬಿರುಕುಗಳಲ್ಲಿ ಒಳಗೆ ನುಗ್ಗುತ್ತದೆ. ಹಾಗಾಗಿ ನೀವು ಬಳಸುವ ತೀರಾ ಕೆಳಗಿನ ಮಹಡಿಯಲ್ಲೇ ಅಳೆಯಬೇಕು.

ಸಾಮಾನ್ಯ ಕಿಟ್ ಅಂದರೆ ಇದ್ದಿಲು ತುಂಬಿದ ಪುಟ್ಟ ಡಬ್ಬಿ. ಅದು ಗಾಳಿಯಲ್ಲಿನ ರೇಡಾನನ್ನು ಹಿಡಿದಿಟ್ಟುಕೊಳ್ಳುತ್ತದೆ. 12 ಗಂಟೆ ಮೊದಲೇ ಕಿಟಕಿ, ಬಾಗಿಲು ಮುಚ್ಚಿ. ಪರೀಕ್ಷೆ ಮುಗಿಯುವ ತನಕ ಹಾಗೇ ಇರಲಿ. ಹೋಗಿ ಬರಲು ಬಾಗಿಲು ತೆಗೆದರೆ ತೊಂದರೆಯಿಲ್ಲ. ಡಬ್ಬಿಯನ್ನು ನೆಲದಿಂದ ಎರಡಡಿ ಎತ್ತರದ ಮೇಜಿನ ಮೇಲಿಡಿ. ಅಡುಗೆಮನೆ, ಬಚ್ಚಲು ಬೇಡ; ತೇವ ತಗುಲಿದರೆ ಇದ್ದಿಲು ಸರಿಯಾಗಿ ಹಿಡಿಯುವುದಿಲ್ಲ. ಶುರುವಾದ, ಮುಗಿದ ಸಮಯ ಬರೆದು, ಬಿಗಿಯಾಗಿ ಮುಚ್ಚಿ, ಅವತ್ತೇ ಲ್ಯಾಬ್‌ಗೆ ಕಳಿಸಿ. ರೇಡಾನ್ 3.8 ದಿನಕ್ಕೆ ಅರ್ಧವಾಗುತ್ತದೆ ಅಲ್ವಾ, ತಡ ಮಾಡಿದಷ್ಟೂ ಎಣಿಸಲು ಉಳಿಯುವುದು ಕಡಿಮೆ.

ಫಲಿತಾಂಶ ಲೀಟರ್ ಗಾಳಿಗೆ 4 ಪಿಕೋಕ್ಯೂರಿ (ವಿಕಿರಣ ಅಳೆಯುವ ಮಾನ) ಅಥವಾ ಜಾಸ್ತಿ ಬಂದರೆ ಮನೆ ಸರಿಪಡಿಸಿ ಅನ್ನುತ್ತದೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ. ಇನ್ನೊಂದು ಮಾನ ಬೆಕೆರೆಲ್‌ನಲ್ಲಿ ಹೇಳಿದರೆ ಅದು ಘನ ಮೀಟರಿಗೆ 148. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇನ್ನೂ ಬಿಗಿ, 100 ಬೆಕೆರೆಲ್. ಮನೆಯಲ್ಲಿ ಸಿಗರೇಟ್ ಸೇದುವವರಿದ್ದರೆ ಆ 100ನ್ನೇ ಹಿಡಿಯಿರಿ, ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ತುಂಬಾ ಜಾಸ್ತಿ.

ಮಟ್ಟ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಮನೆಗೆ ಬಂದ ಮೇಲೆ ಆಲ್ಫಾ ಟ್ರ್ಯಾಕ್ ಡಿಟೆಕ್ಟರನ್ನು 90 ದಿನಕ್ಕಿಂತ ಹೆಚ್ಚು ಕಾಲ ಇಡಿ. ಅದರೊಳಗಿನ ಪ್ಲಾಸ್ಟಿಕ್ ಚೂರಿನ ಮೇಲೆ ರೇಡಾನ್‌ನಿಂದ ಹೊಮ್ಮುವ ಆಲ್ಫಾ ಕಣಗಳು ಸಣ್ಣ ಗುರುತು ಬಿಡುತ್ತವೆ, ಲ್ಯಾಬ್‌ನವರು ಅವನ್ನು ಎಣಿಸಿ ಸರಾಸರಿ ಹೇಳುತ್ತಾರೆ.