ಡಿಸ್ಕ್ ಗಾಲ್ಫ್ ಕೋರ್ಸಿಗೆ ಅಂಕ: ಕಷ್ಟ ಎಷ್ಟು, ಅಪಾಯ ಎಷ್ಟು?

ಪ್ರಶ್ನೆ: ಪ್ಲಾಸ್ಟಿಕ್ ಡಿಸ್ಕನ್ನು ಎಸೆದು ಸರಪಳಿ ಕಟ್ಟಿದ ಬುಟ್ಟಿಗೆ ಬೀಳಿಸುವ ಡಿಸ್ಕ್ ಗಾಲ್ಫ್ ಆಟವನ್ನು ಒಂದು ವರ್ಷದಿಂದ ಆಡುತ್ತಿದ್ದೇನೆ. ಸಾಂಟಾ ಕ್ರೂಜ್‌ನ ಡಿಲಾವಿಯಾಗ ಕೋರ್ಸಿನಲ್ಲಿ, ಅಂದರೆ ಅಲ್ಲಿನ ಆಟದ ಮೈದಾನದಲ್ಲಿ, ನನ್ನ ಡಿಸ್ಕ್‌ಗಳು ಇಳಿಜಾರಿನಲ್ಲಿ ಉರುಳಿ ಸೋತು ಸುಣ್ಣವಾದೆ. ಅದಕ್ಕೆ ಐದರಲ್ಲಿ ಎರಡೇ ಅಂಕ ಕೊಟ್ಟಿದ್ದನ್ನು ಸ್ನೇಹಿತರು ಒಪ್ಪುತ್ತಿಲ್ಲ. ಕಷ್ಟವನ್ನೂ ಅಪಾಯವನ್ನೂ ಅಂಕದಲ್ಲಿ ಹೇಗೆ ಲೆಕ್ಕ ಹಿಡಿಯಬೇಕು?
– ಓದುಗರೊಬ್ಬರು, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ನಿಮ್ಮ ಸ್ನೇಹಿತರ ಮಾತಿನಲ್ಲಿ ಹುರುಳಿದೆ. ಕೋರ್ಸ್ ಕಷ್ಟವಾಗಿದೆ ಎಂಬ ಒಂದೇ ಕಾರಣಕ್ಕೆ ಅಂಕ ಕಡಿಯುವುದು ಸರಿಯಲ್ಲ. ಅದು ಯಾರಿಗಾಗಿ ರೂಪುಗೊಂಡಿದೆ ಎಂಬುದನ್ನು ಮೊದಲು ನೋಡಬೇಕು. ಈ ಆಟದ ಆಡಳಿತ ಸಂಸ್ಥೆಯಾದ ಪಿಡಿಜಿಎ (ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘ) ತನ್ನ ವಿನ್ಯಾಸ ಸೂಚನೆಗಳಲ್ಲಿ ಚಿನ್ನ, ನೀಲಿ, ಬಿಳಿ, ಕೆಂಪು ಮುಂತಾದ ಮಟ್ಟಗಳನ್ನು ಗುರುತಿಸಿದೆ; 1000ದ ಆಸುಪಾಸು ರೇಟಿಂಗ್ ಇರುವ ನುರಿತವರಿಗೆ ಚಿನ್ನ, 850ರ ಸುತ್ತಲಿನವರಿಗೆ ಕೆಂಪು. ಒಂದು ವರ್ಷದ ಆಟಗಾರರು ಚಿನ್ನದ ಮಟ್ಟದ ಹೋಲ್‌ಗಳಲ್ಲಿ (ಎಸೆಯುವ ಜಾಗದಿಂದ ಬುಟ್ಟಿಯವರೆಗಿನ ಒಂದೊಂದು ಹಂತಕ್ಕೆ ಹೋಲ್ ಎನ್ನುತ್ತಾರೆ) ಸೋತರೆ ಅದು ಕೋರ್ಸಿನ ದೋಷವಲ್ಲ. ಇಳಿಜಾರಿನ ಅಂಚಿಗೆ ನೆಟ್ಟ ಬುಟ್ಟಿಗೆ ದೂರದಿಂದ ಜೋರಾಗಿ ಎಸೆದಾಗ, ಗುರಿ ತಪ್ಪಿದ ಡಿಸ್ಕ್ ಅಂಚಿನ ಮೇಲೆ ನಿಂತು ಚಕ್ರದಂತೆ ಕೆಳಗುರುಳುತ್ತದೆ. ನೋವಾಗುವುದು ನಿಜ, ಆದರೆ ಬುಟ್ಟಿಯ ಹತ್ತಿರಕ್ಕೆ ಮೆಲ್ಲನೆ ಹಾಕಿ ಮುಂದಿನ ಎಸೆತಕ್ಕೆ ಕಾಯುವ ದಾರಿಯೂ ಅಲ್ಲಿ ಇತ್ತಲ್ಲವೇ? ಒಳ್ಳೆಯ ಎಸೆತವೂ ಕೆಟ್ಟ ಎಸೆತವೂ ಒಂದೇ ಪೊದೆಗೆ ಬೀಳುವಂತಿದ್ದರೆ ಮಾತ್ರ ಕಷ್ಟಕ್ಕಾಗಿ ಅಂಕ ಕಳೆಯಿರಿ.

ಅಪಾಯದ ವಿಚಾರದಲ್ಲಿ ನಾನು ಇಷ್ಟು ಉದಾರಿಯಲ್ಲ. ದೂರದ ಎಸೆತಕ್ಕೆ ಬಳಸುವ ಡ್ರೈವರ್ ಎಂಬ ಡಿಸ್ಕ್ ಸುಮಾರು 170 ಗ್ರಾಂ ತೂಗುತ್ತದೆ, ಅದರ ಅಂಚು ಗಟ್ಟಿಯಾಗಿ ಚೂಪಾಗಿರುತ್ತದೆ, ಪಳಗಿದ ಕೈಯಿಂದ ಹೊರಟರೆ ಗಂಟೆಗೆ 100 ಕಿ.ಮೀ. ಮುಟ್ಟುತ್ತದೆ. ಯಾರಿಗೂ ಪೆಟ್ಟಾಗದೆಂದು ಖಚಿತವಾಗುವವರೆಗೆ ಎಸೆಯಬಾರದೆಂಬುದು ಆಟದ ನಿಯಮ. ಆದರೆ ತಿರುವಿನ ಮರೆಯಿಂದ ಮಗುವಿನ ಗಾಡಿ ತಳ್ಳಿಕೊಂಡು ಬರುವ ತಾಯಿ ಟೀ ಪ್ಯಾಡಿನಿಂದ (ಮೊದಲ ಎಸೆತಕ್ಕೆ ನಿಲ್ಲುವ ಕಟ್ಟೆಯಿಂದ) ಕಾಣಿಸುವುದೇ ಇಲ್ಲವೆಂದರೆ, ಆ ನಿಯಮವನ್ನು ಪಾಲಿಸುವ ಬಗೆಯಾದರೂ ಹೇಗೆ? ಕಾಲುದಾರಿಯನ್ನು ದಾಟುವ ಹೋಲ್, ಬುಟ್ಟಿಯ ಬೆನ್ನಿಗೇ ಇರುವ ಮುಂದಿನ ಟೀ, ಒಂದನ್ನೊಂದು ಕತ್ತರಿಸುವ ಫೇರ್‌ವೇಗಳು (ಟೀಯಿಂದ ಬುಟ್ಟಿಗೆ ಡಿಸ್ಕ್ ಹಾರುವ ದಾರಿಗಳು) ವಿನ್ಯಾಸದ ತಪ್ಪುಗಳೇ ಆಗಿವೆ. ಎಷ್ಟೋ ಕಡೆ ಟೀಯನ್ನು ಸ್ವಲ್ಪ ತಿರುಗಿಸಿದರೂ ಸರಿಹೋಗುತ್ತದೆ. ಮಳೆಗೆ ನುಣುಪಾಗಿ ಜಾರುವ ಸಿಮೆಂಟಿನ ಟೀ ಪ್ಯಾಡ್ ಕೂಡ ಸಣ್ಣ ವಿಷಯವಲ್ಲ, ಏಕೆಂದರೆ ಓಡಿ ಬಂದು ಊರಿದ ಕಾಲು ಅಲ್ಲಿ ಜಾರಿದರೆ ಮಂಡಿ ತಿರುಚಿಕೊಳ್ಳುತ್ತದೆ. ದಾರಿಹೋಕರಿಗೆ ಪೆಟ್ಟು ಬೀಳಬಹುದಾದ ಕೋರ್ಸ್ ಎಷ್ಟೇ ಚೆಲುವಾಗಿದ್ದರೂ ನಾನು ಎರಡೂವರೆಯ ಮೇಲೆ ಕೊಡುವುದಿಲ್ಲ.

ಡಿಲಾವಿಯಾಗದಲ್ಲಿ ಇನ್ನೊಮ್ಮೆ ಆಡಿ, ಕೊಟ್ಟ ಅಂಕವನ್ನು ತಿದ್ದಿ. ಅಂಕದ ಜೊತೆಗೆ ನಿಮ್ಮ ಆಟದ ಮಟ್ಟವನ್ನೂ, ಯಾವುದಾದರೂ ಹೋಲ್‌ನಲ್ಲಿ ಅಪಾಯ ಕಂಡಿದ್ದರೆ ಅದರ ಸಂಖ್ಯೆಯನ್ನೂ ಬರೆಯಿರಿ.