ಮಜ್ಜಿಗೆ ಪಾತ್ರೆಯನ್ನು ಎಂಟನೇ ಪುಟದಲ್ಲಿ ಯಾಕೆ ಬಚ್ಚಿಟ್ಟಿರಿ?

ನಮಸ್ಕಾರ.

ತೀರ್ಥಹಳ್ಳಿಯಿಂದ ನೀವು ಕಳಿಸಿದ ‘ಗುಣೋತ್ತರ ಶ್ರೇಢಿ: ಒಂದು ಪರಿಚಯ’ ಲೇಖನವನ್ನು ಎರಡು ಸಲ ಓದಿದೆ. ಹಿಂದಿನ ಸಂಖ್ಯೆಯನ್ನು ಪ್ರತಿ ಸಲ ಒಂದೇ ಅನುಪಾತದಿಂದ ಗುಣಿಸುತ್ತಾ ಹೋಗುವ ಸಾಲಿನ ಲೆಕ್ಕ ಅದು. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ, ಅದಕ್ಕೇ ಈ ಉದ್ದದ ಪತ್ರ.

ಚದುರಂಗದ ರಾಜ, ಮನೆಯಿಂದ ಮನೆಗೆ ಇಮ್ಮಡಿಯಾಗುವ ಅಕ್ಕಿಕಾಳು, 64ನೇ ಮನೆ ಮುಗಿಯುವ ಹೊತ್ತಿಗೆ 20 ಅಂಕಿಯ ಲೆಕ್ಕ. ಇದನ್ನು ಕೇಳದ ಓದುಗರು ಯಾರಿದ್ದಾರೆ? ಒಂದೂವರೆ ಪುಟ ಪೂರ್ತಿ ತೆಗೆಯಿರಿ.

ಮೂರನೇ ಪುಟದಲ್ಲಿ ತಪ್ಪೇ ಇದೆ. ತೋಟದಲ್ಲಿ 100 ಅಡಿಕೆ ಮರ, ವರ್ಷಕ್ಕೆ 10 ಸಸಿ ನೆಟ್ಟರೆ 100, 110, 120, ಹಾಗಾಗಿ ಸಾಮಾನ್ಯ ಅನುಪಾತ 10 ಎಂದು ಬರೆದಿದ್ದೀರಿ. ಅಲ್ಲ ಮಾರಾಯ್ರೇ, ಅದು ಪ್ರತಿ ಸಲ ಅಷ್ಟಷ್ಟೇ ಕೂಡಿಸುತ್ತಾ ಹೋಗುವ ಸಮಾಂತರ ಶ್ರೇಢಿ, ಆ 10 ಸಾಮಾನ್ಯ ವ್ಯತ್ಯಾಸ. ಅನುಪಾತ ಬೇಕಾದರೆ ಪ್ರತಿ ಪದವನ್ನು ಅದರ ಹಿಂದಿನದರಿಂದ ಭಾಗಿಸಿ ನೋಡಬೇಕು. 110ನ್ನು 100ರಿಂದ ಭಾಗಿಸಿದರೆ 1.1, ಆದರೆ 120ನ್ನು 110ರಿಂದ ಭಾಗಿಸಿದರೆ ಸುಮಾರು 1.09, ಎರಡನೇ ಹೆಜ್ಜೆಗೇ ಜಾರಿತು. ಅನುಪಾತ 1.1 ಆಗಿಯೇ ಉಳಿದಿದ್ದರೆ 100, 110, 121 ಬರುತ್ತಿತ್ತು. ಜಾಸ್ತಿ ಬಂದ ಆ ಒಂದು ಸಸಿ ಇದೆಯಲ್ಲ, ನಿಮ್ಮ ಲೇಖನದ ವಿಷಯ ಅದೇ. ಸಾಲ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು: ತಿಂಗಳಿಗೆ ನೂರಕ್ಕೆ 2ರಂತೆ ಸರಳ ಬಡ್ಡಿಯಾದರೆ ದುಡ್ಡು ಇಮ್ಮಡಿಯಾಗಲು 50 ತಿಂಗಳು ಬೇಕು, ತಿಂಗಳು ತಿಂಗಳೂ ಚಕ್ರಬಡ್ಡಿ ಬಿದ್ದರೆ 36ಕ್ಕೇ ದಾಟಿಬಿಡುತ್ತದೆ.

‘ಆಗುಂಬೆಯ ಮಳೆ ದಿನೇ ದಿನೇ ಇಮ್ಮಡಿಯಾಗುತ್ತಾ ಹೋಯಿತು’ ಅನ್ನುವ ಸಾಲು ಓದಿ ನಗು ಬಂತು. ಮೊದಲ ದಿನ 10 ಮಿ.ಮೀ. ಅಂದುಕೊಳ್ಳಿ, ಹತ್ತು ದಿನಕ್ಕೆ ಒಟ್ಟು 10,230 ಮಿ.ಮೀ. ಆಗುತ್ತದೆ. ಆಗುಂಬೆಗೆ ಇಡೀ ವರ್ಷಕ್ಕೂ ಅಷ್ಟು ಸರಾಸರಿ ಇಲ್ಲ. ಚೆಂದಕ್ಕೆ ಬರೆದಿರಬಹುದು, ಆದರೆ ಲೆಕ್ಕದ ಲೇಖನದಲ್ಲಿ ‘ಇಮ್ಮಡಿ’ ಅಂದರೆ ಇಮ್ಮಡಿಯೇ.

ಇಷ್ಟೆಲ್ಲ ಆದಮೇಲೆ ಎಂಟನೇ ಪುಟದ ಕೊನೆಯಲ್ಲಿ, ನಾಲ್ಕೇ ಸಾಲಿನಲ್ಲಿ, ನಿಮ್ಮ ಅಜ್ಜಿ ಬರುತ್ತಾರೆ. ಮನೆ ತುಂಬಾ ಮೊಮ್ಮಕ್ಕಳು, ಒಂದೇ ಪಾತ್ರೆ ಮಜ್ಜಿಗೆ, ಅರ್ಧ ಖಾಲಿಯಾದಾಗಲೆಲ್ಲ ಅಜ್ಜಿ ಅಷ್ಟೇ ನೀರು ಸುರಿದು, ಕಲಕಿ, ಮುಚ್ಚಿಡುತ್ತಿದ್ದರು. ಅಬ್ಬಾ! ಅರ್ಧ, ಕಾಲು, ಅರೆಕಾಲು. ನಾಲ್ಕನೇ ಸಲ ನೀರು ಬಿದ್ದಾಗ ಉಳಿದ ಮಜ್ಜಿಗೆ 16ರಲ್ಲಿ ಒಂದು ಪಾಲು, ಮಿಕ್ಕಿದ್ದು ಇಂಗಿನ ವಾಸನೆ. ಅನುಪಾತ ಅರ್ಧ, ಎಷ್ಟು ಸಲ ಮಾಡಿದರೂ ಲೆಕ್ಕದಲ್ಲಿ ಸೊನ್ನೆ ಆಗುವುದಿಲ್ಲ. ನಿಮ್ಮ ಅಜ್ಜಿ ‘ಮಜ್ಜಿಗೆ ಮುಗಿಯಿತು’ ಅಂತ ಒಂದು ದಿನವೂ ಹೇಳಲಿಲ್ಲ ಎಂದು ನೀವೇ ಬರೆದಿದ್ದೀರಿ, ಅಲ್ವಾ? ಆದರೆ ನಾಲ್ಕನೇ ಪುಟದಲ್ಲಿ ‘ಅನುಪಾತ 1ಕ್ಕಿಂತ ದೊಡ್ಡದಿರಲೇಬೇಕು’ ಎಂದಿದ್ದೀರಿ. ಅಜ್ಜಿಯೇ ನಿಮ್ಮನ್ನು ಸುಳ್ಳು ಮಾಡಿದರು ನೋಡಿ.

ಅಲ್ಲಿಂದ ಶುರು ಮಾಡಿ. ಮೂರು ಪುಟ ಸಾಕು. ಕಳಿಸುವ ಮುಂಚೆ ಮನೆಯಲ್ಲಿ ದೊಡ್ಡವರನ್ನು ಒಂದು ಮಾತು ಕೇಳಿ: ನಿಜವಾಗಿ ಅರ್ಧ ಖಾಲಿಯಾದ ಮೇಲೇ ನೀರು ಹಾಕುತ್ತಿದ್ದರಾ? ಕಾಲು ಭಾಗ ಖಾಲಿಯಾದಾಗಲೇ ಹಾಕುತ್ತಿದ್ದರೆ ಅನುಪಾತ ಮುಕ್ಕಾಲು, ಆಗ ನಾಲ್ಕನೇ ಸಲಕ್ಕೂ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಮಜ್ಜಿಗೆ ಉಳಿದಿರುತ್ತದೆ.